ಎಡಮಗ್ಗುಲು

ಗಂಡ ಕೆಂಪಯ್ಯನ ತಿಥಿ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿ ಹೋದ ಮಾರನೆಯ ಬೆಳಗ್ಗೆ ಡಾಕ್ಟರ್ ಸುಂದ್ರಮ್ಮ ಎಂದಿನ ಹೊತ್ತಿಗೆ ಎದ್ದಳು. ಮಿಂದಳು. ಬಿಳಿಯ ಕೋಟು ತೊಟ್ಟಳು. ಆಸ್ಪತ್ರೆಯ ಕಡೆ ನಡೆದಳು.

ಎದುರಾದವರ ಕಣ್ಣು ಮೊದಲು ಅವಳ ಹಣೆಗೆ ಹೋಗಿ, ಅಲ್ಲಿ ಕುಂಕುಮವಿಲ್ಲದ್ದು ಕಂಡು, ನೆಲಕ್ಕಿಳಿಯುತ್ತಿತ್ತು. ಅವಳಿಗೆ ನೋವಾಗಲಿಲ್ಲ. ಜೋಮು ಹಿಡಿದ ಕೈಗೆ ಮುಳ್ಳು ತಾಗಿದ ಹಾಗೆ. ತಾಗಿದ್ದು ಗೊತ್ತಾಗುತ್ತದೆ, ಅಷ್ಟೆ. ದನದ ಡಾಕ್ಟರಾಗಿದ್ದ ಗಂಡ ಹುಣಸೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಂದಿನಿಂದ ಅವಳ ಒಳಗೆಲ್ಲ ಅದೇ ಜೋಮು.

ಆಸ್ಪತ್ರೆಯ ಗೇಟಿನಲ್ಲಿ ಎತ್ತಿನ ಗಾಡಿ ನಿಂತಿತ್ತು. ಸುತ್ತ ಜನ.

“ಸುಮ್ನೆ ತಂದ್ರಿ ಕಣ್ರಪ್ಪ. ಓಗ್ಬುಟ್ಟವ್ಳೆ,” ಎಂದ ಒಬ್ಬ.

ಗಾಡಿಯ ಹುಲ್ಲಿನ ಮೇಲೆ ತುಂಬು ಬಸುರಿಯೊಬ್ಬಳು ಅಂಗಾತ ಮಲಗಿದ್ದಳು. ಇಪ್ಪತ್ತರ ಆಸುಪಾಸು. ತುಟಿ ಬಿಳಿಚಿಕೊಂಡಿತ್ತು. ಮೈಯೆಲ್ಲ ತಣ್ಣನೆಯ ಬೆವರು. ತಲೆಯ ಹತ್ತಿರ ಕೂತ ಗಂಡ ಅವಳ ಮುಖಕ್ಕೆ ಟವಲಿನಿಂದ ಗಾಳಿ ಹಾಕುತ್ತಿದ್ದ. ಸುಂದ್ರಮ್ಮ ಗಾಡಿಯ ಮೇಲೆ ಕಾಲಿಟ್ಟಳು.

“ಆಯಮ್ಮ ಮುಟ್ಟಾದ್ ಬ್ಯಾಡ,” ಗುಂಪಿನೊಳಗಿಂದ ಮುದುಕಿಯೊಬ್ಬಳ ದನಿ ಬಂತು. “ಮೊನ್ನೆ ತಾನೆ ಗಂಡನ್ನ ಮಣ್ಣ್ ಮಾಡವ್ರೆ. ಬಸ್ರಿ ಮ್ಯಾಲೆ ಆ ನೆಳ್ಳ್ ಬೀಳ್ಬಾರ್ದು.”

“ನೆಳ್ಳ್ ನೋಡ್ಕಂಡ್ ಕೂತ್ರೆ ಎಣ ಒತ್ಕಂಡ್ ಓಗ್ಬೇಕಾಯ್ತದೆ. ಸರ್ಕೊ ಅಜ್ಜಿ,” ಎಂದಳು ಆಸ್ಪತ್ರೆಯ ಆಯಾ ಮಂಗಳಮ್ಮ.

ಸುಂದ್ರಮ್ಮ ಮಣಿಕಟ್ಟು ಹಿಡಿದಳು. ನಾಡಿ ನೂಲಿನಷ್ಟು ತೆಳ್ಳಗೆ, ಬೆದರಿದ ಹಕ್ಕಿಯ ಎದೆಯಂತೆ ಓಡುತ್ತಿತ್ತು. ಅವಳು ಹೊಟ್ಟೆಯನ್ನೊಮ್ಮೆ ನೋಡಿದಳು, ಹೆಂಗಸು ಮಲಗಿದ್ದ ರೀತಿಯನ್ನು ನೋಡಿದಳು. ಆಮೇಲೆ ಸೊಂಟದ ಕೆಳಗೆ ಎರಡೂ ಕೈ ತೂರಿಸಿ, ಆಕೆಯನ್ನು ಮೆಲ್ಲಗೆ ಎಡಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಹುಲ್ಲಿನ ಕಂತೆಯೊಂದನ್ನು ಒತ್ತುಕೊಟ್ಟಳು.

ಮತ್ತೇನೂ ಮಾಡಲಿಲ್ಲ. ನಾಡಿ ಹಿಡಿದು ಸುಮ್ಮನೆ ಕೂತಳು.

ನೂಲು ದಾರವಾಯಿತು. ತುಟಿಯಂಚಿನಲ್ಲಿ ನಸುಗೆಂಪು ಸುಳಿಯಿತು. ಹೆಂಗಸು ಉಸಿರೆಳೆದು ಕಣ್ಣು ತೆರೆದಳು. “ನೀರು,” ಅಂದಳು.

ನೆರಳಿನ ಮಾತಾಡಿದ ಮುದುಕಿ ಕೈ ಮುಗಿದಳು. ಸುಂದ್ರಮ್ಮ ಇದನ್ನು ಮೈಸೂರಿನ ಕಾಲೇಜಿನಲ್ಲಿ ಓದಿದ್ದಳು, ವಾರ್ಡಿನಲ್ಲಿ ಒಮ್ಮೆ ಕಂಡಿದ್ದಳು. ಆದರೂ ಎಷ್ಟೋ ದಿನದ ಮೇಲೆ ಮೊದಲ ಬಾರಿಗೆ ಅವಳ ತೋಳಿನ ರೋಮ ನಿಮಿರಿ ನಿಂತಿತು.

*

ಹೆಂಗಸಿನ ಹೆಸರು ಚಿಕ್ಕತಾಯಿ. ಕಂಪಲಾಪುರದಾಚೆಯ ಹಳ್ಳಿಯವಳು. ಗಂಡ ಮುದ್ದಯ್ಯ. ಗಂಡನ ಅಣ್ಣ ಅಂಕಯ್ಯ. ಒಟ್ಟು ಕುಟುಂಬ, ಹೊಗೆಸೊಪ್ಪಿನ ಬೇಸಾಯ.

ವಾರ್ಡಿನಲ್ಲಿ ಅವಳನ್ನು ಗೋಡೆಯ ಕಡೆ ಮುಖ ಮಾಡಿ, ಎಡಮಗ್ಗುಲಿಗೇ ಮಲಗಿಸಿದರು. ಮಂಗಳಮ್ಮ ನೀರು ಕಾಯಿಸಲು ಹೋದಳು. ಮುದ್ದಯ್ಯ ಡಾಕ್ಟರ ಹಿಂದೆ ಹಿಂದೆಯೇ ಬಂದ. ಎಣ್ಣೆ ಹಚ್ಚಿ ಬಾಚಿದ ತಲೆ, ಮೆತ್ತನೆಯ ಮಾತು.

“ಅದೆಂಗ್ ಡಾಕ್ಟ್ರಮ್ಮ? ಮದ್ದಿಲ್ಲ, ಸೂಜಿ ಇಲ್ಲ. ಸತ್ತೋಳ್ನ ಬರೀ ಒಳ್ಳಿಸ್ಬುಟ್ಟು ಎಬ್ಬಿಸ್ದ್ರಲ್ಲ?”

ಕೇಳಿದ್ದು ಅವಳಿಗೆ ಹಿಡಿಸಿತು. ಹೀಗೆ ತಿಳಿಯಬೇಕೆಂದು ಕೇಳುವವರು ಕಡಿಮೆ.

“ಬೆನ್ನುಮೂಳೆಯ ಪಕ್ಕ ಹೆಬ್ಬೆರಳು ಗಾತ್ರದ ರಕ್ತನಾಳ ಇದೆಯಪ್ಪ. ಕಾಲಿನಿಂದ, ಹೊಟ್ಟೆಯಿಂದ ಎದೆಗೆ ರಕ್ತ ವಾಪಸು ಹೋಗುವ ಕಾಲುವೆ ಅದು. ತುಂಬು ಬಸುರಿ ಅಂಗಾತ ಮಲಗಿದರೆ ಮಗುವಿನ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಇವಳ ಮೈಗೆ ಆಗುತ್ತದೆ. ಕಾಲುವೆ ಕಟ್ಟಿತು ಅಂದರೆ ಎದೆಗೆ ರಕ್ತ ಇಲ್ಲ, ತಲೆಗೂ ಇಲ್ಲ. ಪಕ್ಕಕ್ಕೆ ತಿರುಗಿಸಿದರೆ ತೂಬು ಎತ್ತಿದ ಹಾಗೆ.”

“ತೂಬ್ ಎತ್ತದಂಗೆ,” ಅವನು ತಲೆದೂಗಿದ.

“ಅದಕ್ಕೇ ಹೇಳ್ತಿದ್ದೀನಿ. ಏನೇ ಆಗಲಿ ಇವಳನ್ನು ಅಂಗಾತ ಮಲಗಿಸಕೂಡದು. ನಿನ್ನ ಜವಾಬ್ದಾರಿ.”

“ಆಗ್ಲಿ ಕಣ್ರವ್ವ. ಕಣ್ಣಲ್ ಕಣ್ಣಿಟ್ಟು ನೋಡ್ಕತೀನಿ.”

ಅವನನ್ನು ಹೊರಗೆ ಕಳಿಸಿ ಸುಂದ್ರಮ್ಮ ಚಿಕ್ಕತಾಯಿಯ ಮೈ ನೋಡಿದಳು. ಹೊಕ್ಕುಳಿನ ಬಲಕ್ಕೆ ಅಂಗೈಯಗಲ ಕೆಂಪಗೆ ಕಂದಿದ ಗಾಯ. ಒಳಗಿನಿಂದ ಸ್ವಲ್ಪ ರಕ್ತ ಹೋಗಿತ್ತು. ಗರ್ಭ ಮುಟ್ಟಿದರೆ ಬಿಗಿದುಕೊಳ್ಳುತ್ತಿತ್ತು, ಮತ್ತೆ ಸಡಿಲವಾಗುತ್ತಿತ್ತು. ಅದು ಮರದಂತೆ ಬಿಗಿದೇ ಉಳಿದರೆ ಒಳಗೆ ಮಾಸು ಕಳಚಿಕೊಂಡಿತೆಂದೇ ಅರ್ಥ. ಆಗ ತಾಯಿ, ಮಗು ಇಬ್ಬರೂ ಕೈಬಿಟ್ಟು ಹೋಗಬಹುದು.

ಮರದ ಕೊಳವೆಯನ್ನು ಹೊಟ್ಟೆಗೆ ಊರಿ ಕಿವಿ ಇಟ್ಟಳು. ಮೊದಲು ಏನೂ ಇಲ್ಲ. ಕೊಳವೆ ಸರಿಸಿದಳು. ಎಲ್ಲೋ ಆಳದಲ್ಲಿ, ನೆಲದೊಳಗೆ ಹೂತ ಗಡಿಯಾರದಂತೆ, ಟಿಕ್ ಟಿಕ್ ಟಿಕ್.

“ಇದೆ,” ಅಂದಳು.

ಚಿಕ್ಕತಾಯಿ ಕಣ್ಣು ಮುಚ್ಚಿಕೊಂಡಳು. ರೆಪ್ಪೆಯ ಅಡಿಯಿಂದ ನೀರು ಇಳಿಯಿತು.

“ಏಟು ಹೇಗೆ ಬಿತ್ತು?”

“ಬಿದ್ದೆ ಕಣ್ರವ್ವ.”

“ಎಲ್ಲಿ?”

“ಸೊಪ್ಪಿನ್ ಬ್ಯಾರನ್ ತಾವ.”

ಸುಂದ್ರಮ್ಮ ಅವಳ ಅಂಗೈ ತಿರುಗಿಸಿ ನೋಡಿದಳು. ಮೊಣಕೈ ನೋಡಿದಳು. ಮೊಣಕಾಲು ನೋಡಿದಳು. ಎಲ್ಲೂ ಒಂದು ತರಚಿಲ್ಲ. ಎಡವಿದ ಬಸುರಿ ಮೊದಲು ಕೈ ಊರುತ್ತಾಳೆ. ಹೊಟ್ಟೆಯೊಂದನ್ನು ಮಾತ್ರ ನೆಲಕ್ಕೆ ಕೊಡುವ ಬಸುರಿ ಉಂಟೆ?

“ಯಾರು ಹೊಡೆದರು ಚಿಕ್ಕತಾಯಿ?”

“ಬಿದ್ದೆ,” ಎಂದು ಅವಳು ಗೋಡೆ ನೋಡಿದಳು.

*

ಅಂದೇ ಮಧ್ಯಾಹ್ನ ಠಾಣೆಯ ದಫೇದಾರ ವೀರಭದ್ರಸ್ವಾಮಿ ಬಂದ. ಮೀಸೆಯೊಳಗೇ ಮಾತಾಡುವ ಮನುಷ್ಯ. ಎಲ್ಲರ ಹೇಳಿಕೆ ತೆಗೆದುಕೊಂಡು ಡಾಕ್ಟರ ಕೋಣೆಯಲ್ಲಿ ಕೂತು ಕಾಫಿ ಕುಡಿದ.

“ಕೇಸು ನೀರಿನ ಹಾಗೆ ಇದೆ ಮೇಡಂ. ಈ ಹೆಂಗಸು ಬಿದ್ದಿದ್ದು ಬ್ಯಾರನ್ನಿನ ಬಾಗಿಲಲ್ಲಿ. ಆ ಹೊತ್ತಿನಲ್ಲಿ ಅಲ್ಲಿದ್ದವನು ಒಬ್ಬನೇ, ಭಾವ ಅಂಕಯ್ಯ. ಗಂಡ ಗದ್ದೆ ಹತ್ತಿರ ಇದ್ದೆ ಅಂತಾನೆ.”

“ನೋಡಿದವರು?”

“ಯಾರೂ ಇಲ್ಲ. ಆದರೆ ನೋಡಿ, ಗಾಡಿ ಕಟ್ಟಿಕೊಂಡು ಬಂದವನು ತಮ್ಮ. ಅಣ್ಣ ಬರಲೇ ಇಲ್ಲ. ತಮ್ಮನ ಹೆಂಡ್ತಿ ಸಾಯ್ತಾ ಇದ್ರೆ ಒಲೆ ಮುಂದೆ ಕೂತಿದ್ನಂತೆ. ಅದೇನು ಮನುಷ್ಯನ ಗುಣವೇ?”

ಬ್ಯಾರನ್ನು ಎಂದರೆ ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಸಾಲುಸಾಲಾಗಿ ತೂಗುಹಾಕಿ, ಕೆಳಗಿನ ಒಲೆಯ ಕಾವಿನಲ್ಲಿ ಹದಮಾಡುವ ಎತ್ತರದ ಕೋಣೆ. ಒಮ್ಮೆ ಬೆಂಕಿ ಇಟ್ಟರೆ ಎಲೆ ಹಳದಿಗೆ ತಿರುಗಿ ಒಣಗುವ ತನಕ ಒಲೆ ಬಿಟ್ಟು ಏಳುವಂತಿಲ್ಲ. ಕಾವು ಏರಿದರೆ ಎಲೆ ಕಪ್ಪು, ಇಳಿದರೆ ಕೊಳೆ. ಸುಂದ್ರಮ್ಮನಿಗೆ ಇದು ಗೊತ್ತಿತ್ತು. ದಫೇದಾರನಿಗೂ ಗೊತ್ತಿತ್ತು.

“ಜಗಳ ಇತ್ತೇ?”

“ತಮ್ಮ ಪಾಲು ಕೇಳ್ತಿದ್ದಾನೆ. ಅಣ್ಣ ಕೊಡಲ್ಲ ಅಂತಾನೆ. ಹೆಂಡ್ತಿ ಮಾತು ಕೇಳ್ಕೊಂಡು ತಮ್ಮ ಕುಣೀತಾನೆ ಅಂತ ಅಣ್ಣನ ಸಿಟ್ಟು. ಮುದ್ದಯ್ಯ ಮಾತ್ರ ಅಣ್ಣನ ಮೇಲೆ ಒಂದು ಮಾತು ಹೇಳಲ್ಲ. ‘ಒಡುಟ್ಟಿದೋನು ಸಾರ್, ನನ್ ಬಾಯಲ್ ಬ್ಯಾಡ’ ಅಂತಾನೆ.”

“ಚಿಕ್ಕತಾಯಿ ಏನಂದಳು?”

“ಬಿದ್ದೆ ಅಂದ್ಲು. ಅಷ್ಟೆ. ಗೋಡೆ ಕಡೆ ತಿರುಗಿ, ನನಗೆ ಬೆನ್ನು ಹಾಕಿಕೊಂಡೇ ಅಂದ್ಲು. ಪಾಪ, ಆ ಗಂಡನಿಗೇ ನಾಚಿಕೆ. ‘ತಪ್ಪು ತಿಳ್ಕಬ್ಯಾಡಿ ಸಾರ್, ಒಳ್ಳಿಸ್ಬಾರ್ದು ಅಂತ ಡಾಕ್ಟ್ರಮ್ಮ ಯೋಳವ್ರೆ’ ಅಂತ ಕೈ ಮುಗಿದ.” ದಫೇದಾರ ಲೋಟ ಕೆಳಗಿಟ್ಟ. “ಒಳ್ಳೆ ಹುಡುಗ.”

*

ಮಾರನೆಯ ದಿನ ಅಂಕಯ್ಯ ಬಂದ. ಒಲೆಯನ್ನು ಹೆಂಡತಿಯ ಕೈಗೆ ಕೊಟ್ಟು, ಸೊಪ್ಪಿನ ಅಂಟು ಹತ್ತಿದ ಕೈಯಲ್ಲೇ ಬಂದಿದ್ದ.

ಸುಂದ್ರಮ್ಮ ಹೊರರೋಗಿಗಳನ್ನು ನೋಡುತ್ತಿದ್ದಾಗ ಮಂಗಳಮ್ಮ ಓಡಿ ಬಂದಳು. “ಡಾಕ್ಟ್ರಮ್ಮ, ಚಿಕ್ಕತಾಯಿ ಎಚ್ರ ತಪ್ಪವ್ಳೆ. ಭಾವ ಬಂದು ಎದ್ರಿಗ್ ನಿಂತ. ಇವ್ಳು ಅವನ್ನ ನೋಡ್ತಾ ನೋಡ್ತಾ ಕಣ್ಣ್ ಮೇಲಾಕ್ಬುಟ್ಲು.”

ಓಡಿ ಹೋದರೆ ಚಿಕ್ಕತಾಯಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಮುದ್ದಯ್ಯ ಅವಳ ಅಂಗಾಲು ಉಜ್ಜುತ್ತಿದ್ದ. ನಾಡಿ ಆಗಲೇ ದಾರಕ್ಕೆ ಬರುತ್ತಿತ್ತು. ಬಾಗಿಲಾಚೆ ಅಂಕಯ್ಯ ಗೋಡೆಗೆ ಒರಗಿ ನಿಂತಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

ಸುದ್ದಿ ಸಂತೆಗಿಂತ ಬೇಗ ಹರಡಿತು. ಹೊಡೆದವನನ್ನು ಕಂಡರೆ ಬಸುರಿಯ ಜೀವ ಹಾರುತ್ತದೆ. ಬಾಯಿ ಸುಳ್ಳು ಹೇಳಿದರೂ ಹೊಟ್ಟೆಯ ಕೂಸು ಸುಳ್ಳು ಹೇಳುತ್ತದೆಯೇ? ಕೂಸೇ ಸಾಕ್ಷಿ ನುಡಿಯಿತು ಎಂದರು.

ದಫೇದಾರ ತಾನೇ ನೋಡಬೇಕೆಂದ. ಮತ್ತೊಂದು ದಿನ ಅಂಕಯ್ಯನನ್ನು ಕರೆಸಿ ಮುಂದೆ ಬಿಟ್ಟು, ಹಿಂದೆ ನಿಂತ. ಸುಂದ್ರಮ್ಮ ಆಗ ಕೈ ಮುರಿದ ಒಬ್ಬನಿಗೆ ಪಟ್ಟಿ ಕಟ್ಟುತ್ತಿದ್ದಳು. ಮುಗಿಸಿ ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಚಿಕ್ಕತಾಯಿ ಮತ್ತೆ ಬೆವರಿ, ಬಿಳಿಚಿ, ಕಣ್ಣು ಮೇಲೆ ಮಾಡಿ, ಮತ್ತೆ ಚೇತರಿಸಿಕೊಂಡು ಗೋಡೆ ಕಡೆ ಮುಖ ಮಾಡಿದ್ದಳು. ನಾಡಿ ಇನ್ನೂ ನೂಲಿನಂತೆ ಓಡುತ್ತಿತ್ತು. ಅಂದು ಸ್ವಲ್ಪ ಹೊಸ ರಕ್ತವೂ ಕಂಡಿತ್ತು.

“ಕಣ್ಣಾರೆ ಕಂಡೆ,” ಎಂದ ದಫೇದಾರ. ಅವನ ದನಿ ತಗ್ಗಿತ್ತು. “ಎಷ್ಟೋ ಕೊಲೆಗಡುಕರನ್ನ ಹಿಡಿದಿದ್ದೀನಿ ಮೇಡಂ. ಇಂಥ ಸಾಕ್ಷಿ ಕಂಡಿಲ್ಲ. ಸಂಜೆ ಅಂಕಯ್ಯನನ್ನ ಕರ್ಕೊಂಡು ಹೋಗ್ತೀನಿ.”

“ಇವಳನ್ನು?”

“ಗಂಡ ಮನೆಗೆ ಕರ್ಕೊಂಡು ಹೋಗ್ತಾನಂತೆ. ಇಲ್ಲಿ ದಿನಾ ಎಚ್ಚರ ತಪ್ತಾಳೆ, ಮನೇಲಿ ಅಣ್ಣ ಇರಲ್ಲ, ಹಾಯಾಗಿರ್ತಾಳೆ ಅಂತಾನೆ.”

ಇನ್ನೊಂದು ಏಟನ್ನು ಆ ಗರ್ಭ ತಾಳುವುದಿಲ್ಲ. ಕಳಿಸುವುದಾದರೆ ಯಾರ ಕೈಗೆ ಕಳಿಸುತ್ತಿದ್ದೇನೆಂದು ಗೊತ್ತಾಗಬೇಕು. ಸಂಜೆಯೊಳಗೆ ಗೊತ್ತಾಗಬೇಕು.

ಸುಂದ್ರಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಹೆದರಿ ಎಚ್ಚರ ತಪ್ಪಿದವರ ನಾಡಿ ನಿಧಾನವಾಗಿ ತೂಗುತ್ತದೆ. ಇಂದು ಬೆರಳಿಗೆ ಸಿಕ್ಕಿದ್ದು ಆ ನಾಡಿಯಲ್ಲ. ಓಡುವ ನೂಲು. ಅದನ್ನು ಈ ಬೆರಳು ಮೊದಲೇ ಹಿಡಿದಿತ್ತು, ಗೇಟಿನಲ್ಲಿ, ಗಾಡಿಯ ಮೇಲೆ.

*

ಮಂಗಳಮ್ಮ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು.

“ಮಂಗಳಮ್ಮ, ಅಂಕಯ್ಯ ಬಂದಾಗ ಎರಡು ಸಲವೂ ನೀವು ಅಲ್ಲೇ ಇದ್ದಿರಿ. ಮೊದಲಿಂದ ಹೇಳಿ.”

“ಯೋಳದೇನವ್ವ? ಬಂದ. ನಿಂತ್ಕಂಡ. ‘ಎಂಗಿದ್ದೀಯ ಕೂಸು’ ಅಂದ. ಇವ್ಳು ಬೆವ್ತಳು, ಕಣ್ ಮುಚ್ಚುದ್ಲು.”

“ಅವನು ಕಾಲಿಟ್ಟ ಕೂಡಲೇ?”

ಮಂಗಳಮ್ಮ ಸೀರೆ ಹಿಡಿದ ಕೈ ನಿಲ್ಲಿಸಿದಳು. “ಕೂಡ್ಲೆ ಅಲ್ಲ. ವಸಿ ಒತ್ತಾಯ್ತು. ಅವ್ನು ಎತ್ತಿನ್ ಮಾತು, ಮಳೆ ಮಾತು ಆಡ್ದ. ಆಮ್ಯಾಕೆ.”

“ಹೆದರಿದವಳು ಎತ್ತಿನ ಮಾತು ಮುಗಿಯುವ ತನಕ ಕಾಯುತ್ತಾಳೆಯೇ?”

ಮಂಗಳಮ್ಮ ಸೀರೆಯನ್ನು ಇನ್ನೊಂದು ಸುತ್ತು ಹಿಂಡಿದಳು.

“ಆಗ ಅವಳು ಹೇಗೆ ಮಲಗಿದ್ದಳು?”

“ಎಂಗೆ ಅಂದ್ರೆ? ಸರ್ಯಾಗೇ ಮಲಗಿದ್ಲು. ಸೆರಗ್ನ ತಲೆ ತುಂಬ ಎಳ್ಕಂಡು, ಕಾಲ್ ನೀಟಿ, ನೆಟ್ಟಗೆ.”

“ನೆಟ್ಟಗೆ ಅಂದರೆ?”

“ಅಂಗಾತ. ಇನ್ನೆಂಗೆ ಮಲಗ್ತಾಳೆ? ಗಂಡನ್ ಅಣ್ಣ ಬಂದಾಗ ಬೆನ್ ತೋರಿಸ್ಕಂಡ್ ಬಿದ್ದಿರದಾ? ಯಾವ ಉಡ್ಗಿ ಆದ್ರೂ ತಿರಿಕ್ಕತಾಳೆ.” ಹೇಳಿ ಅವಳು ತಡೆದಳು. “ನೀವು ಮಗ್ಗುಲ್ಗೇ ಮಲಗ್ಸಿ ಅಂದಿದ್ರಿ, ದಿಟ. ಒಂದ್ ಗಳಿಗೆ ತಾನೆ, ಮರ್ವಾದೆ ಮುಖ್ಯ ಅಂತ ನಾನೂ ಸುಮ್ಕಿದ್ದೆ.”

ಅದಕ್ಕೇ ಯಾರೂ ಹೇಳಲಿಲ್ಲ. ಭಾವನ ಮುಂದೆ ಸೆರಗು ಹೊದ್ದು ನೆಟ್ಟಗೆ ಮಲಗುವುದು ಈ ಕಡೆ ಉಸಿರಾಡಿದಷ್ಟು ಸಹಜ. ಉಸಿರಾಡಿದೆ ಅಂತ ಯಾರಾದರೂ ಹೇಳಿಕೆ ಕೊಡುತ್ತಾರೆಯೇ?

“ಅವಳೇ ತಿರುಗಿದಳೇ?”

“ಎಲ್ಲಿ ಶಕ್ತಿ ಅವ್ವ? ಮುದ್ದಯ್ಯನೇ ಕಿಟಕೀಲ್ ನೋಡ್ದ. ‘ಅಣ್ಣ ಬತ್ತಾವ್ನೆ’ ಅಂದು ಒಳ್ಳಿಸ್ದ.”

“ಎಚ್ಚರ ತಪ್ಪಿದ ಮೇಲೆ?”

“ಅಣ್ಣನ್ನ ಆಚೆ ಕಳಿಸ್ದ. ಮತ್ತೆ ಗ್ವಾಡೆ ಕಡೆ ತಿರುಗ್ಸುದ. ಕಣ್ ಬುಟ್ಲು.”

ಮಂಗಳಮ್ಮನ ಕೈಯಿಂದ ಒದ್ದೆ ಸೀರೆ ಬಕೆಟ್ಟಿಗೆ ಜಾರಿತು. “ಅಯ್ಯೋ ಶಿವನೆ,” ಎಂದಳು ಮೆಲ್ಲಗೆ. “ನೀವು ಗಾಡಿ ಮ್ಯಾಲೆ ಮಾಡಿದ್ದೇ ಅದು.”

*

ಅಂಕಯ್ಯ ಜಗಲಿಯ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಡಾಕ್ಟರನ್ನು ಕಂಡು ಎದ್ದ.

“ಕೂತ್ಕೊಳ್ಳಿ. ಅವತ್ತು ಚಿಕ್ಕತಾಯಿ ಬ್ಯಾರನ್ ಹತ್ತಿರ ಯಾಕೆ ಬಂದಳು?”

“ಗೊತ್ತಿಲ್ಲ ಕಣ್ರವ್ವ. ಒಲೆಗೆ ಸೌದೆ ನೂಕ್ತಿದ್ದೆ. ತಿರುಗ್ ನೋಡಿದ್ರೆ ಬಾಗ್ಲು ತಾವ ನಿಂತವ್ಳೆ. ಒಂದ್ ಕೈ ಒಟ್ಟೆ ಮ್ಯಾಲೆ. ‘ಭಾವ, ಒಂದ್ ಮಾತು’ ಅಂದ್ಲು. ಬಾಗ್ಲು ಪಟ್ಟಿ ಹಿಡ್ಕಂಡು ಅಂಗೇ ಕುಸುದ್ಲು.”

“ಆ ಮಾತು ಏನಿರಬಹುದು?”

ಅವನು ನೆಲ ಕೆರೆದ. “ಬೇಯ್ಸಿ ಕಟ್ಟಿಟ್ಟ ಸೊಪ್ಪು ಕಮ್ಮಿ ಆಯ್ತಾ ಇತ್ತು. ಆಳು ಮಕ್ಳ ಮ್ಯಾಲೆ ಅನುಮಾನ ಪಟ್ಟಿದ್ದೆ. ಕಾಡಂಚಿನ್ ಹಾಡಿಯಿಂದ ಕೂಲಿಗ್ ಬರೋ ಜವರೀನ ಬೈದೂ ಇದ್ದೆ, ಪಾಪ. ಈಗ ಯಾರ್ ಮ್ಯಾಲೆ ಯೋಳ್ಲಿ?”

“ಒಲೆ ಬಿಟ್ಟು ಗಾಡಿ ಜೊತೆ ನೀವು ಯಾಕೆ ಬರಲಿಲ್ಲ?”

“ಬತ್ತೀನಿ ಅಂದೆ. ಮುದ್ದ ಬ್ಯಾಡ ಅಂದ. ‘ನೀನ್ ಒಲೆ ನೋಡ್ಕೊ, ನನ್ ಎಂಡ್ರು ನಾನ್ ನೋಡ್ಕತೀನಿ’ ಅಂದ.” ಅವನು ಕಣ್ಣೊರೆಸಿಕೊಂಡ. “ನನ್ ಕಂಡ್ರೆ ಆ ಕೂಸ್ಗೆ ಯಾಕವ್ವ ಜೀವ ಓಯ್ತದೆ? ನಾನೇನ್ ಮಾಡಿದ್ದೀನಿ?”

“ಒಳಗೆ ಬನ್ನಿ,” ಎಂದಳು ಸುಂದ್ರಮ್ಮ. “ನಾನು ಕರೆದಾಗ.”

*

ವಾರ್ಡಿನಲ್ಲಿ ದಫೇದಾರ ಮಂಚದ ಕಾಲ ಬಳಿ ನಿಂತಿದ್ದ. ಚಿಕ್ಕತಾಯಿ ಗೋಡೆ ನೋಡುತ್ತಿದ್ದಳು. ಮುದ್ದಯ್ಯ ಪಕ್ಕದಲ್ಲಿ ಗಂಜಿಯ ಬಟ್ಟಲು ಹಿಡಿದಿದ್ದ.

“ಅಂಕಯ್ಯನವರನ್ನು ಕರೆಯಿರಿ,” ಎಂದಳು ಸುಂದ್ರಮ್ಮ.

ಮುದ್ದಯ್ಯ ಥಟ್ಟನೆ ಬಟ್ಟಲು ಕೆಳಗಿಟ್ಟು ಹೆಂಡತಿಯ ಹೆಗಲಿಗೆ ಕೈ ಹಾಕಿದ. “ಅಣ್ಣ ಬತ್ತಾವ್ನೆ ಕಣಮ್ಮಿ. ತಿರಿಕ್ಕೊ.”

“ಕೈ ತೆಗಿ.”

ಅವಳು ದನಿ ಎತ್ತಿರಲಿಲ್ಲ. ಆದರೂ ಅವನು ಕೈ ತೆಗೆದ.

“ಇರೀಕರ ಮುಂದೆ ಬೆನ್ನಾಕ್ಕಂಡ್...”

“ಹಾಕಿಕೊಳ್ಳಲಿ. ತಪ್ಪು ನನ್ನ ಮೇಲಿರಲಿ. ಮಂಚ ಎಳೀರಿ ಮಂಗಳಮ್ಮ.”

ಇಬ್ಬರೂ ಮಂಚವನ್ನು ಗೋಡೆಯಿಂದ ಎಳೆದು ಸಂದು ಮಾಡಿದರು. ಅಂಕಯ್ಯ ಆ ಸಂದಿನೊಳಗೆ ಬಂದು ಚಿಕ್ಕತಾಯಿಯ ಮುಖದ ಎದುರಿಗೇ ನಿಂತ. ಅವಳು ಸೆರಗನ್ನು ತಲೆಗೆಳೆದುಕೊಂಡಳು. ಇಬ್ಬರೂ ಮುಖ ಮುಖ ನೋಡಿಕೊಂಡರು. ಎಲ್ಲರೂ ಕಾದರು. ಕಿಟಕಿಯಾಚೆ ಗಾಡಿಯೊಂದು ಹೋಯಿತು. ಇನ್ನೊಂದು ಬಂತು. ಸುಂದ್ರಮ್ಮನ ಬೆರಳು ನಾಡಿಯ ಮೇಲಿತ್ತು.

“ಎಂಗಿದ್ದೀಯ ಕೂಸು?”

“ಇವ್ನಿ ಭಾವ,” ಎಂದಳು ಚಿಕ್ಕತಾಯಿ. “ಎಲೆ ಕೆಟ್ಟೋಯ್ತಾ? ಒಲೆ ಬುಟ್ಟು ಬಂದ್ರಲ್ಲ.”

“ಓದ್ರೆ ಓಯ್ತದೆ ಬುಡು.”

ಅವಳಿಗೆ ಬೆವರಲಿಲ್ಲ. ಕಣ್ಣು ಮುಚ್ಚಲಿಲ್ಲ. ದಫೇದಾರ ಟೋಪಿ ತೆಗೆದು ಕಂಕುಳಿಗೆ ಇಟ್ಟುಕೊಂಡ.

“ಇವಳು ಎಚ್ಚರ ತಪ್ಪಿದ್ದು ಅಂಕಯ್ಯನವರನ್ನು ನೋಡಿ ಅಲ್ಲ,” ಎಂದಳು ಸುಂದ್ರಮ್ಮ. “ಅಂಗಾತ ಮಲಗಿಸಿದ್ದರಿಂದ. ಹೊಟ್ಟೆಯ ಭಾರ ರಕ್ತದ ದೊಡ್ಡ ನಾಳವನ್ನು ಅಮುಕುತ್ತದೆ. ಆಗ ಅವಳ ಎದುರು ನೀವು ನಿಂತರೂ ಅಷ್ಟೆ, ದೇವರನ್ನು ತಂದು ನಿಲ್ಲಿಸಿದರೂ ಅಷ್ಟೆ.”

“ಹಾಗಾದ್ರೆ ಪದ್ಧತಿಯಿಂದ ಆದ ಅನಾಹುತ,” ಎಂದ ದಫೇದಾರ.

“ನಾನೂ ಮೊದಲು ಹಾಗೇ ಅಂದುಕೊಂಡೆ. ದಫೇದಾರ್ರೇ, ನೀವು ಹೇಳಿಕೆಗೆ ಬಂದಾಗ ಮುದ್ದಯ್ಯ ನಿಮಗೆ ಏನಂದ?”

“ತಪ್ಪು ತಿಳ್ಕೋಬೇಡಿ, ಹೊರಳಿಸಬಾರದು ಅಂತ ಡಾಕ್ಟ್ರಮ್ಮ...” ಅವನ ಮಾತು ಅರ್ಧಕ್ಕೇ ನಿಂತಿತು.

“ಪೊಲೀಸಿನವರಿಗಿಂತ ದೊಡ್ಡ ಮರ್ಯಾದೆ ಯಾರಿಗಿದೆ? ನಿಮಗೆ ಬೆನ್ನು ಹಾಕಿಸಿ ಮಲಗಿಸಿದ. ಕೈ ಮುಗಿದು ಕಾರಣವನ್ನೂ ಹೇಳಿದ. ಅದೇ ಕಾರಣವನ್ನು ಅಣ್ಣನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೊರಳಿಸಿದ. ಅಂಗಾತ ಮಲಗಿದರೆ ಏನಾಗುತ್ತದೆ ಎಂಬುದು ಈ ಊರಿನಲ್ಲಿ ನನ್ನನ್ನು ಬಿಟ್ಟರೆ ಒಬ್ಬನಿಗೇ ಗೊತ್ತಿತ್ತು. ನಾನೇ ಬಿಡಿಸಿ ಹೇಳಿದ್ದೆ. ತೂಬಿನ ಹಾಗೆ ಅಂತ.” ಅವಳು ತಿರುಗಿದಳು. “ತೂಬು ಇಳಿಸಿದವನೂ ನೀನೇ, ಎತ್ತಿದವನೂ ನೀನೇ, ಅಲ್ಲವೇ ಮುದ್ದಯ್ಯ?”

ಮುದ್ದಯ್ಯ ನಕ್ಕ. “ಗಂಡ ಸತ್ ದುಃಖದಲ್ಲಿ ಏನೇನೋ ಆಡ್ತಾವ್ರೆ ಸಾರ್. ಮುಂಡೆ ಕೈ ಬಸ್ರಿಗೆ ತಾಗ್ಬಾರ್ದಾಗಿತ್ತು. ಅದ್ಕೇ ಇಷ್ಟೆಲ್ಲ.”

ಮಂಗಳಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಸುಂದ್ರಮ್ಮ ಕೈಯೆತ್ತಿ ತಡೆದಳು. ಆ ಮಾತೂ ಜೋಮಿನ ಮೇಲೇ ಬಿದ್ದಿತ್ತು.

“ಮಾಡದ ತಪ್ಪಿಗೆ ಅಣ್ಣನನ್ನು ಸಿಕ್ಕಿಸುವವನಿಗೆ ಮುಚ್ಚಬೇಕಾದ್ದು ಏನೋ ಇರಬೇಕು,” ಎಂದಳು. “ಚಿಕ್ಕತಾಯಿ ಬಿದ್ದಿದ್ದು ಬ್ಯಾರನ್ ಹತ್ತಿರ. ಏಟು ತಿಂದಿದ್ದು ಬೇರೆ ಕಡೆ. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಭಾವನಿಗೆ ಒಂದು ಮಾತು ಹೇಳಬೇಕೆಂದು ನಡೆದು ಬಂದಳು. ಹೇಳುವ ಮೊದಲು ಕುಸಿದಳು. ಆ ಮಾತು ನನಗೆ ಗೊತ್ತಿಲ್ಲ. ಗೊತ್ತಿರುವುದು ಇವಳೊಬ್ಬಳಿಗೆ.”

ಎಲ್ಲರೂ ಮಂಚ ನೋಡಿದರು.

“ಚಿಕ್ಕತಾಯಿ?”

“ಬಿದ್ದೆ,” ಎಂದಳು ಅವಳು. ಆಮೇಲೆ, “ಡಾಕ್ಟ್ರವ್ವ, ಒಂದ್ ಮಾತ್ ಕೇಳ್ಲಾ? ನಂಗ್ ಕಣ್ ಕತ್ಲೆ ಬಂದಾಗ ಒಳ್ಗಿರೋದ್ಕೂ ಬತ್ತಿತ್ತಾ?”

ಸುಂದ್ರಮ್ಮ ಅವಳ ಮುಖದ ಮಟ್ಟಕ್ಕೆ ಕೂತಳು.

“ನಿನಗಿಂತ ಮೊದಲೇ ಬರುತ್ತಿತ್ತು. ರಕ್ತ ಕಮ್ಮಿಯಾದರೆ ಮೈ ಮೊದಲು ಮಗುವಿನ ಪಾಲು ಕಡಿಯುತ್ತದೆ. ಎರಡು ಸಲವೂ ಅದು ಒಳಗೆ ಉಸಿರುಗಟ್ಟಿ ಕಾದಿತು. ಎರಡು ಸಲವೂ ತಡೆದುಕೊಂಡಿತು.”

“ಅವ್ರಿಗೆ ಗೊತ್ತಿತ್ತಾ? ನೀವ್ ಯೋಳಿದ್ರಾ?”

“ಹೇಳಿದ್ದೆ. ಬಂದ ದಿನವೇ.”

ಚಿಕ್ಕತಾಯಿ ಗೋಡೆಯಿಂದ ಕಣ್ಣು ತೆಗೆದು ಭಾವನನ್ನು ನೋಡಿದಳು. ಮತ್ತೆ ಮಾತಾಡಿದಾಗ ದನಿ ಸಮವಾಗಿತ್ತು.

“ನನ್ ಒದ್ರು. ಒದೀಲಿ ಅಂತ ಸುಮ್ಕಿದ್ದೆ. ಕಟ್ಕಂಡೋರು. ರಾತ್ರೋರಾತ್ರಿ ಸೊಪ್ಪು ಸಾಗಿಸ್ತಾರೆ ಕಣ್ ಭಾವ. ಆ ಜವರಿ ಮ್ಯಾಲೆ ಕಳ್ತನ ಒರಿಸ್ಬ್ಯಾಡಿ, ಭಾವಂಗೆ ಯೋಳ್ತೀನಿ ಅಂದೆ. ಇತ್ಲಲ್ಲಿ ಒದ್ರು. ಅದು ನಂದು, ನಾನ್ ನುಂಗ್ಕತಿದ್ದೆ.” ಅವಳು ಹೊಟ್ಟೆಯ ಮೇಲೆ ಕೈ ಇಟ್ಟಳು. “ಗೊತ್ತಿದ್ದೂ ಗೊತ್ತಿದ್ದೂ ಇದರ ಉಸ್ರು ಕಟ್ಸುದ್ರಲ್ಲ. ಅದು ನಂದಲ್ಲ, ಇದರ್ದು. ಅದ್ನ ನುಂಗಕ್ಕೆ ನಾನ್ಯಾರು? ಬರ್ಕಳಿ ದಫೇದಾರ್ರೇ.”

ಮುದ್ದಯ್ಯ ಬಾಗಿಲ ಕಡೆ ನೋಡಿದ. ಅಷ್ಟರಲ್ಲಿ ಅಂಕಯ್ಯ ಸಂದಿನಿಂದ ಬಂದು ಬಾಗಿಲಿಗೆ ಅಡ್ಡ ನಿಂತಿದ್ದ.

*

ಅವಳಿಗೆ ನೋವು ತಾನಾಗಿಯೇ ಬಂತು, ಕೆಲವು ದಿನ ಕಳೆದು, ಒಂದು ಮಧ್ಯಾಹ್ನ. ಮೈಸೂರಿಗೆ ಸಾಗಿಸಲು ಜೀಪು ಸಿದ್ಧವಿತ್ತು, ಬೇಕಾಗಲಿಲ್ಲ. ಮಡಿಲಿಗೆ ಬಿದ್ದದ್ದು ಹೆಣ್ಣು. ಬಿದ್ದ ಕೂಡಲೇ ವಾರ್ಡೆಲ್ಲ ಕೇಳುವಂತೆ ಅತ್ತಿತು.

“ಅಪ್ಪನ್ ಕೇಸ್ಗೆ ಸಾಕ್ಷಿ ಯೋಳಕ್ಕೆ ಈಗ್ಲೇ ಗಂಟ್ಲು ಸರಿ ಮಾಡ್ಕತಾವ್ಳೆ,” ಎಂದಳು ಮಂಗಳಮ್ಮ.

ಸುಂದ್ರಮ್ಮ ಮಾಸನ್ನು ಬೆಳಕಿಗೆ ಹಿಡಿದು ನೋಡಿದಳು. ಅದರ ಒಂದು ಅಂಚಿನಲ್ಲಿ ಕಪ್ಪಗೆ ಹೆಪ್ಪುಗಟ್ಟಿದ ಕುಳಿ. ಒದೆ ಅಲ್ಲಿಯವರೆಗೂ ತಲುಪಿತ್ತು. ಅಷ್ಟು ಜಾಗ ಸತ್ತಿತ್ತು. ಉಳಿದ ಭಾಗ ಗರ್ಭದ ಗೋಡೆಯನ್ನು ಬಿಗಿಯಾಗಿ ಹಿಡಿದು, ಸತ್ತ ಭಾಗದ ಕೆಲಸವನ್ನೂ ಹೊತ್ತು, ಮಗುವಿಗೆ ಉಣಿಸಿತ್ತು. ಯಾರೂ ಕಾಣದ ಕತ್ತಲಲ್ಲಿ, ಯಾರೂ ಹೇಳದೆ.

ಅವಳು ಅದನ್ನು ಬೇಗ ಕೆಳಗಿಡಲಿಲ್ಲ. ಅದರ ಬಿಸಿ ಕೈಗೆ ಹತ್ತಿತು. ಎಷ್ಟೋ ದಿನಗಳಿಂದ ತನ್ನದಲ್ಲವೆನಿಸಿದ್ದ ಕೈ ಅದು.

*

ಮಗುವಿಗೆ ತಿಂಗಳು ತುಂಬುವ ಹೊತ್ತಿಗೆ ದನದ ಆಸ್ಪತ್ರೆಯ ಜವಾನ ಕೆಂಪಯ್ಯನ ಚೀಲ ಒಯ್ಯಲು ಬಂದ. ಒಳಗಿದ್ದ ಎಲ್ಲಕ್ಕೂ ಸರ್ಕಾರದ ಗುರುತಿತ್ತು. ಒಂದನ್ನು ಮಾತ್ರ ಜವಾನ ಪಕ್ಕಕ್ಕಿಟ್ಟ. ದನದ ಬಾಯಿಗೆ ಔಷಧಿ ಹುಯ್ಯುವ ಬಿದಿರಿನ ಗೊಟ್ಟ. ಹಿಡಿದೂ ಹಿಡಿದೂ ನುಣುಪಾದದ್ದು. ಬುಡದಲ್ಲಿ ಕಾದ ಕಬ್ಬಿಣದಿಂದ ಸುಟ್ಟ ಎರಡು ಗೀಟು, ಅವುಗಳ ಮೇಲೊಂದು ಅಡ್ಡಗೀಟು.

“ಇದ್ ನಮ್ದಲ್ಲ ಅಮ್ಮಾವ್ರೆ. ಸಾಹೇಬ್ರು ಯಾರ್ ತಾವ್ಲೋ ಈಸ್ಕಂಡಿರ್ಬೇಕು.”

ಅವಳು ಅದನ್ನು ಎತ್ತಿಟ್ಟಳು. ಮುಂದಿನ ಭಾನುವಾರ ಮಗು ನೋಡಲು ಕಂಪಲಾಪುರದ ಬಸ್ಸು ಹತ್ತಿದಾಗ ಕೈಚೀಲದಲ್ಲಿ ಅದನ್ನೂ ಇಟ್ಟುಕೊಂಡಳು. ಆ ಕಡೆ ಹಳ್ಳಿಗಳಲ್ಲಿ ವಿಚಾರಿಸಬಹುದೆಂದು.

ವಿಚಾರಿಸಬೇಕಾಗಲಿಲ್ಲ. ಅಂಕಯ್ಯನ ಹಟ್ಟಿಯಲ್ಲಿ ಒರಗಿಸಿದ್ದ ನೊಗದ ಮೇಲೆ ಎರಡು ಗೀಟು, ಒಂದು ಅಡ್ಡಗೀಟು. ಗುದ್ದಲಿಯ ಕಾವಿನ ಮೇಲೂ ಅದೇ.

ಚಿಕ್ಕತಾಯಿ ಪಡಸಾಲೆಯಲ್ಲಿ ಎಡಮಗ್ಗುಲಿಗೆ ಮಲಗಿ ಮಗುವಿಗೆ ಹಾಲು ಕೊಡುತ್ತಿದ್ದಳು. “ಅಭ್ಯಾಸ ಆಗೋಗದೆ ಕಣ್ರವ್ವ,” ಎಂದು ನಕ್ಕಳು.

ಸುಂದ್ರಮ್ಮ ಚೀಲದಿಂದ ಗೊಟ್ಟ ತೆಗೆದಳು.

ಅಂಕಯ್ಯ ನೋಡಿದ. “ನಮ್ಮಪ್ಪ ಮಾಡಿದ್ ಗೊಟ್ಟ. ನಮ್ ಎತ್ತಿಗ್ ಒಟ್ಟೆ ಉಬ್ಬರ ಬಂದಿದ್ದಾಗ ಸಾಹೇಬ್ರು ಬಂದಿದ್ರು. ಓಗೋವಾಗ, ರಾವಂದೂರ್ ತಾವ ಇನ್ನೊಂದ್ ಅಸಾ ಸಾಯ್ತಾ ಅದೆ, ಇದು ಚೆಂದಾಗದೆ, ನಾಳೆ ತಂದ್ಕೊಡ್ತೀನಿ ಅಂತ ಈಸ್ಕಂಡ್ರು. ಆಮ್ಯಾಲೆ ಅವ್ರೇ...” ಅವನು ನೊಗದ ಕಡೆ ತಿರುಗಿದ. “ಕೇಳಕ್ಕೆ ಮನ್ಸ್ ಬರ್ನಿಲ್ಲ ಕಣ್ರವ್ವ.”

“ಆ ಹಸು?”

“ಬದುಕ್ತು. ಕರಾನೂ ಆಕದೆ.”

ಅವಳು ಗೊಟ್ಟವನ್ನು ಸೆರಗಿನಿಂದ ಒಮ್ಮೆ ಒರೆಸಿ, ಎರಡೂ ಕೈಯಲ್ಲಿ ಅವನಿಗೆ ಕೊಟ್ಟಳು.

“ತಡವಾಯಿತು,” ಎಂದಳು.